ಗೋಲ್ಡ್‌ಫಿಶ್ ಮೈಮೇಲೆ ಕಪ್ಪು ಕಲೆನಾ? ಮೊದಲು ನೀರು ನೋಡಿ

ಗೋಲ್ಡ್‌ಫಿಶ್ ಮೈಮೇಲೆ ಗಾಯ ಕಂಡ್ರೆ ಸಾಕು, ಎಲ್ರೂ ಅಂಗಡಿಗೆ ಓಡ್ತಾರೆ, ಬಾಟಲಿ ಔಷಧಿ ತರೋಕೆ. ತಡೀರಿ, ಮೊದಲು ನೀರು ನೋಡಿ. ಮೀನು ಕಿವಿರಿನಿಂದ ಹೊರಬಿಡೋ ಅಮೋನಿಯಾ ತೊಟ್ಟಿಯಲ್ಲೇ ಉಳಿದ್ರೆ ಅದರ ಚರ್ಮವನ್ನೇ ಸುಡುತ್ತೆ. ಮೈ ಕಾಯೋ ಲೋಳೆ ಪದರ ಹೋದ್ರೆ ಗಾಯಕ್ಕೆ ಫಂಗಸ್ ಹತ್ತೋದೂ ಸುಲಭ.

ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ ಬರಬೇಕು. ಬರದಿದ್ರೆ ಅರ್ಧದಷ್ಟು ನೀರು ಬದಲಿಸಿ. ಹೊಸ ನೀರಿನ ಕ್ಲೋರಿನ್ ಮೊದಲೇ ತೆಗೆದಿರಲಿ. ಲೀಟರಿಗೆ 1ರಿಂದ 3 ಗ್ರಾಂ ಉಪ್ಪನ್ನ ಬೇರೆ ಪಾತ್ರೇಲಿ ಕರಗಿಸಿ, ಸ್ವಲ್ಪ ಸ್ವಲ್ಪವೇ ಸೇರಿಸಿ.

ಇನ್ನು ಆ ಕಪ್ಪು ಕಲೆ. ಪಾಪ, ಜನ ಹೆದರೋದೇ ಅದಕ್ಕೆ! ಸುಟ್ಟ ಚರ್ಮ ಮಾಯುವಾಗ ಅಲ್ಲಿ ಕಪ್ಪಾಗೋದು ಸಾಮಾನ್ಯ, ಎಷ್ಟೋ ಸಲ ಒಳ್ಳೇ ಲಕ್ಷಣ. ಹುಣ್ಣು ಆಳವಾಗ್ತಿದ್ರೆ, ಮೀನು ಆಹಾರ ಬಿಟ್ರೆ ಮಾತ್ರ ಕಾಯ್ಬೇಡಿ, ಪಶುವೈದ್ಯರಿಗೆ ತೋರಿಸಿ.