ಮೇವಿನ ತಾಕು ಸಮವಾಗಿದ್ದರೆ ಕೊಯ್ಲು ಹಗುರ



ಹಸಿರು ಮೇವಿಗೆಂದು ಹತ್ತು ಗುಂಟೆ ಬಿಟ್ಟವರೂ ಕೊಯ್ಲಿನ ಹೊತ್ತಿಗೆ ಬೇಸರಪಡುವುದುಂಟು. ನೆಲ ಉಬ್ಬುತಗ್ಗಾಗಿದ್ದರೆ ಕುಡುಗೋಲು ಕಲ್ಲಿಗೆ ತಾಗುತ್ತದೆ, ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು ಮಣ್ಣು ಕೆರೆಯುತ್ತದೆ. ತಗ್ಗಿನಲ್ಲಿ ಗೇಣುದ್ದ ಹುಲ್ಲು ಉಳಿಯುತ್ತದೆ. ದಿಬ್ಬದಲ್ಲಿ ಬುಡವೇ ಕಿತ್ತುಬರುತ್ತದೆ. ನೇಪಿಯರ್ ಹುಲ್ಲನ್ನು ಒಮ್ಮೆ ನೆಟ್ಟರೆ ಮೊದಲು ಸುಮಾರು 75 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ ಹಲವು ವರ್ಷ ಕೊಯ್ಯಬಹುದು. ನೆಟ್ಟ ಮೇಲೆ ಟ್ರ್ಯಾಕ್ಟರ್ ಇಳಿಸುವಂತಿಲ್ಲ. ಆದ್ದರಿಂದ ನಾಟಿಗೆ ಮೊದಲೇ ನೆಲ ಸಮ ಮಾಡಿಕೊಳ್ಳಿ.

ಯಾವಾಗ?

ಅರಸೀಕೆರೆ ಕಡೆಯ ಕೆಂಪು ಮಣ್ಣು ಒಣಗಿದರೆ ಇಟ್ಟಿಗೆಯಂತೆ ಗಟ್ಟಿ. ಏಪ್ರಿಲ್-ಮೇ ತಿಂಗಳ ಮಳೆ ಬಿದ್ದು ನೆಲ ಆರಿದ ಮೇಲೆ ಕೆಲಸ ಹಿಡಿಯಿರಿ. ಬೇಲೂರಿನ ಅರೆಮಲೆನಾಡಿನಲ್ಲಿ ಮಳೆಗಾಲ ಕೂರುವ ಮೊದಲೇ ಮುಗಿಸಬೇಕು. ಇವೆರಡರ ನಡುವಿನ ಹಳೇಬೀಡಿನವರು ಮಣ್ಣಿನ ಹದ ನೋಡಿ ತೀರ್ಮಾನಿಸಿ. ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ಪುಡಿಯಾದರೆ ಹದ ಸರಿ. ಮುದ್ದೆಯಾಗಿಯೇ ಉಳಿದರೆ ಕಾಯಿರಿ. ಹಸಿ ನೆಲದಲ್ಲಿ ಟ್ರ್ಯಾಕ್ಟರ್ ಓಡಿದರೆ ಮಣ್ಣು ಬಿಗಿದು ಬೇರು ಇಳಿಯುವುದಿಲ್ಲ.

ಹೇಗೆ?

1. ಮೊದಲು ಕಲ್ಲು, ಬೇರು, ತಂತಿ, ಮೊಳೆಗಳನ್ನು ಹೆಕ್ಕಿರಿ. ಉಳುಮೆಯ ನಂತರ ಮತ್ತೊಮ್ಮೆ ಹೆಕ್ಕಿರಿ. ಮೇವಿನೊಂದಿಗೆ ನುಂಗಿದ ತಂತಿಯ ಚೂರು ಹಸುವಿನ ಹೊಟ್ಟೆ ಚುಚ್ಚಿ ಹೃದಯದವರೆಗೂ ಹೋಗಬಲ್ಲದು.

2. ಕಲ್ಟಿವೇಟರಿನಿಂದ ಇಳಿಜಾರಿಗೆ ಅಡ್ಡಲಾಗಿ ಉತ್ತು, ಹೆಂಟೆ ಒಡೆಯಿರಿ. ತೆಂಗಿನ ತೋಟದಲ್ಲಿ ಮರದ ಬುಡದಿಂದ ಆರು ಅಡಿ ದೂರವಿರಿ.

3. ದೊಡ್ಡ ದಿಬ್ಬವಿದ್ದರೆ ಮೇಲಿನ ನಾಲ್ಕಾರು ಅಂಗುಲ ಮಣ್ಣನ್ನು ಪಕ್ಕಕ್ಕೆ ರಾಶಿ ಹಾಕಿ, ಅಡಿಮಣ್ಣನ್ನು ಬ್ಲೇಡಿನಿಂದ ತಗ್ಗಿಗೆ ತಳ್ಳಿ, ಮೇಲ್ಮಣ್ಣನ್ನು ಮತ್ತೆ ಹರಡಿರಿ. ಸಾರವೆಲ್ಲ ಮೇಲ್ಮಣ್ಣಿನಲ್ಲೇ ಇದೆ. ಅದನ್ನು ತಗ್ಗಿಗೆ ತುಂಬಿಬಿಟ್ಟರೆ ದಿಬ್ಬದ ಜಾಗ ವರ್ಷಗಟ್ಟಲೆ ಬರಡಾಗುತ್ತದೆ.

4. ಕೊನೆಗೆ ಭಾರವಾದ ಮರದ ತೊಲೆಯನ್ನು ಮೂಲೆಯಿಂದ ಮೂಲೆಗೆ ಎಳೆಸಿರಿ. ಸಣ್ಣ ಉಬ್ಬುಗಳು ತಾವೇ ತಗ್ಗಿಗೆ ಸೇರುತ್ತವೆ. ಒಂದು ಮಳೆ ಬೀಳಲಿ. ಕುಸಿದ ಜಾಗ ಕಂಡುಬರುತ್ತದೆ. ಅದನ್ನು ತುಂಬಿ ಮತ್ತೊಮ್ಮೆ ಎಳೆಸಿ, ಆಮೇಲೆ ನಾಟಿ ಮಾಡಿ.

ಎಷ್ಟು ಸಮ ಬೇಕು?

ತಾಕು ಕನ್ನಡಿಯಂತಾಗಬೇಕಿಲ್ಲ. ಒಂದು ಎಕರೆಯಲ್ಲಿ ಒಂದು ಅಂಗುಲ ಮಣ್ಣು ಎಂದರೆ 3,630 ಘನ ಅಡಿ. 100 ಘನ ಅಡಿ ಹಿಡಿಯುವ ಟ್ರೈಲರಿನಲ್ಲಿ 36 ಲೋಡಿಗೂ ಹೆಚ್ಚು. ಡೀಸೆಲ್ ಖರ್ಚು ನೀವೇ ಲೆಕ್ಕ ಹಾಕಿ. ನೇಪಿಯರನ್ನು ನೆಲದಿಂದ ಸುಮಾರು ನಾಲ್ಕೈದು ಅಂಗುಲ ಬಿಟ್ಟು ಕೊಯ್ಯುವುದರಿಂದ, ಒಂದೆರಡು ಅಂಗುಲದ ಏರುಪೇರು ಅಡ್ಡಿಯಲ್ಲ. ಎರಡು ಗೂಟಗಳ ನಡುವೆ ಹುರಿ ಬಿಗಿದು ನೋಡಿದರೆ ಉಬ್ಬುತಗ್ಗು ತಿಳಿಯುತ್ತದೆ. ನೆಲದ ಸಹಜ ಇಳಿಜಾರು ಹಾಗೆಯೇ ಇರಲಿ, ಮಳೆನೀರು ನಿಧಾನ ಹರಿದುಹೋಗಲಿ. ಬದುಗಳನ್ನು ಒಡೆಯಬೇಡಿ, ಸರ್ವೆ ಕಲ್ಲುಗಳನ್ನು ಮುಟ್ಟಬೇಡಿ.

ಎಚ್ಚರಿಕೆ

ತೊಲೆಯ ಸರಪಳಿಯನ್ನು ಟ್ರ್ಯಾಕ್ಟರಿನ ಹಿಂದೆ ಕೆಳಗಿರುವ ಎಳೆಪಟ್ಟಿಗೇ ಕಟ್ಟಬೇಕು. ಮೇಲೆ ಕಟ್ಟಿದರೆ, ತೊಲೆ ಕಲ್ಲಿಗೆ ಸಿಕ್ಕಿಕೊಂಡಾಗ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಚಾಲಕನ ಮೇಲೆಯೇ ಮಗುಚಬಹುದು. ಭಾರಕ್ಕೆಂದು ತೊಲೆಯ ಮೇಲೆ ಆಳನ್ನಾಗಲಿ, ಮಡ್ಗಾರ್ಡಿನ ಮೇಲೆ ಮಕ್ಕಳನ್ನಾಗಲಿ ಕೂರಿಸಬೇಡಿ. ಬದುವಿನ ಅಂಚಿಗೆ ಚಕ್ರ ಒಯ್ಯಬೇಡಿ.

ಹತ್ತು ಗುಂಟೆಗೆ ಒಬ್ಬರೇ ಟ್ರ್ಯಾಕ್ಟರ್ ಕರೆಸಿದರೆ ಬಾಡಿಗೆ ದುಬಾರಿ. ಸಂಘದ ನಾಲ್ಕೈದು ಅಕ್ಕಪಕ್ಕದ ಸದಸ್ಯರು ಒಂದೇ ದಿನ ಗೊತ್ತುಮಾಡಿಕೊಂಡರೆ ಓಡಾಟದ ಖರ್ಚು ಹಂಚಿಹೋಗುತ್ತದೆ. ಹೀಗೆ ಒಂದು ದಿನ ಪಟ್ಟ ಶ್ರಮ ಮುಂದಿನ ಪ್ರತಿ ಕೊಯ್ಲಿನಲ್ಲೂ ಕೈಗೆ, ಸೊಂಟಕ್ಕೆ ಬಿಡುವು ಕೊಡುತ್ತದೆ. ಹಸುವಿಗೆ ಮಣ್ಣಿಲ್ಲದ ಮೇವು ಸಿಗುತ್ತದೆ.