ಗಿಟಾರಿನ ನಟ್ ಬದಲಿಸುವ ಮುನ್ನ

ನಮ್ಮ ಧರ್ಮಕೇಂದ್ರಗಳ ಗಾಯನ ವೃಂದಗಳಲ್ಲಿ ಕೀಬೋರ್ಡಿನ ಜೊತೆ ಎಲೆಕ್ಟ್ರಿಕ್ ಗಿಟಾರ್ ಕಾಣಿಸಿಕೊಳ್ಳುವುದು ಈಗ ಹೊಸತೇನಲ್ಲ. ಆದರೆ ಕೊಂಡು ತಂದ ಮೇಲೆ ಅದರ ಆರೈಕೆ ಮಾಡುವವರು ಕಡಿಮೆ. ಈ ಮಾತಿಗೆ ಕಾರಣವಾದ ಸಣ್ಣ ಪ್ರಸಂಗವೊಂದನ್ನು ಓದುಗರ ಮುಂದಿಡುತ್ತಿದ್ದೇವೆ.

ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ, ನವನಗರಕ್ಕೆ ತಾಗಿಕೊಂಡಿರುವ ಅಮರಗೋಳದಲ್ಲಿ ನೆಲೆಸಿದ ಕರಾವಳಿಯ ಕುಟುಂಬವೊಂದರ ಮನೆಗೆ ನಾವು ಹೋಗಿದ್ದೆವು. ಮನೆಯ ಮಗ ಕಾಲೇಜು ವಿದ್ಯಾರ್ಥಿ. ಊರಿನಿಂದ ತಂದಿದ್ದ ಮಾವನ ಹಳೆಯ ಎಲೆಕ್ಟ್ರಿಕ್ ಗಿಟಾರು ಮೂಲೆಯಲ್ಲಿತ್ತು. ಬಾರಿಸುವುದಿಲ್ಲವೇ ಎಂದು ಕೇಳಿದಾಗ, "ಬಿಟ್ಟುಬಿಟ್ಟೆ ಫಾದರ್. ನನ್ನ ಬೆರಳಿಗೆ ಬಲ ಇಲ್ಲ. ಎಫ್ ಕಾರ್ಡ್ ಹಿಡಿಯಲು ಆಗುವುದೇ ಇಲ್ಲ" ಎಂದ. ಸೆಮಿನರಿಯ ದಿನಗಳಲ್ಲಿ ನಾವೂ ಅಷ್ಟಿಷ್ಟು ಬಾರಿಸಿದವರು. ಕೈಗೆತ್ತಿಕೊಂಡು ನೋಡಿದೆವು. ನಮ್ಮ ಬೆರಳಿಗೂ ಎಫ್ ಸಿಗಲಿಲ್ಲ. ದೋಷ ಹುಡುಗನದಲ್ಲ, ನಟ್‌ನದು. ಹಳೆಯ ನಟ್ ಒಡೆದಾಗ ಅಂಗಡಿಯಲ್ಲಿ ಸಿಕ್ಕಿದ ಇನ್ನೊಂದನ್ನು ಹಳೆಯ ಅಂಟಿನ ಮೇಲೆಯೇ ಯಾರೋ ಅಂಟಿಸಿದ್ದರು.

ನಟ್ ಎಂದರೇನು?

ಇದು ಬೋಲ್ಟಿಗೆ ಹಾಕುವ ನಟ್ ಅಲ್ಲ. ಗಿಟಾರಿನ ಕತ್ತು ಮುಗಿದು ತಲೆ ಆರಂಭವಾಗುವಲ್ಲಿ ಅಡ್ಡಲಾಗಿ ಕುಳಿತಿರುವ, ಆರು ಗೀರುಗಳುಳ್ಳ ಸಣ್ಣ ಪಟ್ಟಿ. ಅದರ ಕೆಲಸ ಮೂರು: ತಂತಿಗಳ ನಡುವಿನ ಅಂತರ ಕಾಯುವುದು, ಮೊದಲ ಫ್ರೆಟ್‌ಗಳ ಮೇಲೆ ತಂತಿಯ ಎತ್ತರ ನಿರ್ಧರಿಸುವುದು, ಮತ್ತು ಬೆರಳು ಒತ್ತದ ತಂತಿಯ ಕಂಪನಕ್ಕೆ ಒಂದು ತುದಿಯಾಗಿ ನಿಲ್ಲುವುದು.

ನಟ್ ಎತ್ತರವಾದರೆ ಮೊದಲ ಫ್ರೆಟ್ ಬಳಿ ತಂತಿ ಒತ್ತಲು ಹೆಚ್ಚು ಬಲ ಬೇಕು. ಒತ್ತಿದಾಗ ತಂತಿ ಹೆಚ್ಚು ಎಳೆದುಕೊಳ್ಳುವುದರಿಂದ ಸ್ವರವೂ ಏರುತ್ತದೆ. ಶ್ರುತಿ ಸರಿಯಾಗಿದ್ದರೂ ಕಾರ್ಡ್ ಅಪಸ್ವರವಾಗಿ ಕೇಳುವುದು ಇದರಿಂದಲೇ. ನಟ್ ತಗ್ಗಾದರೆ ಒತ್ತದ ತಂತಿ ಫ್ರೆಟ್‌ಗೆ ತಾಗಿ ಝರ್ರೆನ್ನುತ್ತದೆ.

ಮೊದಲು ಪರೀಕ್ಷೆ

ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು ಮೊದಲ ಫ್ರೆಟ್ ಮೇಲೆ ನೋಡಬೇಕು. ತಂತಿಗೂ ಫ್ರೆಟ್‌ಗೂ ನಡುವೆ ಕೂದಲೆಳೆಯಷ್ಟು ಸಂದು ಇದ್ದರೆ ಎತ್ತರ ಸರಿ. ಸಂದು ಎದ್ದು ಕಂಡರೆ ನಟ್ ಎತ್ತರ. ಸಂದೇ ಇಲ್ಲದಿದ್ದರೆ ತಗ್ಗು. ಶ್ರುತಿ ಮಾಡುವಾಗ 'ಟಿಕ್' ಎಂಬ ಸದ್ದಿನೊಂದಿಗೆ ಸ್ವರ ಒಮ್ಮೆಲೇ ಹಾರಿದರೆ ತಂತಿ ಗೀರಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಇದಕ್ಕೆ ಕೆಲವೊಮ್ಮೆ ಗೀರಿಗೆ ಮೆತ್ತನೆಯ ಪೆನ್ಸಿಲ್ಲಿನ ಸೀಸ ಸವರಿದರೂ ಸಾಕಾಗುತ್ತದೆ.

ಇನ್ನೊಂದು ಎಚ್ಚರಿಕೆ. ಕರಾವಳಿಯ ತೇವದ ಹವೆಯಲ್ಲಿದ್ದ ಗಿಟಾರು ಘಟ್ಟದ ಮೇಲಿನ ಒಣ ಹವೆಗೆ ಹೋದಾಗ ಮರ ಕುಗ್ಗಿ ಕತ್ತಿನ ಬಾಗು ಬದಲಾಗಬಹುದು. ಆದ್ದರಿಂದ ಕತ್ತಿನೊಳಗಿನ ಕಬ್ಬಿಣದ ಸರಳನ್ನು ಬಲ್ಲವರಿಂದ ಸರಿಪಡಿಸಿಕೊಂಡ ಮೇಲೆಯೇ ನಟ್‌ಗೆ ಕೈ ಹಾಕಬೇಕು.

ಕೊಳ್ಳುವ ಮುನ್ನ ಅಳತೆ

ಎಲ್ಲ ಗಿಟಾರಿಗೂ ಹೊಂದುವ ನಟ್ ಎಂಬುದಿಲ್ಲ. ಫೆಂಡರ್ ಮಾದರಿಯ ಗಿಟಾರುಗಳಲ್ಲಿ ಫ್ರೆಟ್ ಹಲಗೆಗೆ ಅಡ್ಡಲಾಗಿ ಕೊರೆದ ಕಾಲುವೆಯಲ್ಲಿ ನಟ್ ಕುಳಿತಿರುತ್ತದೆ; ಅದರ ದಪ್ಪ ಸುಮಾರು 3.2 ಮಿ.ಮೀ., ಉದ್ದ ಸಾಮಾನ್ಯವಾಗಿ 42 ಮಿ.ಮೀ. ಆಸುಪಾಸು. ಗಿಬ್ಸನ್ ಮಾದರಿಯಲ್ಲಿ ನಟ್ ಫ್ರೆಟ್ ಹಲಗೆಯ ತುದಿಗೆ ಒರಗಿ ಕೂರುತ್ತದೆ, ಹೆಚ್ಚು ದಪ್ಪವಾಗಿರುತ್ತದೆ, ಉದ್ದ ಸುಮಾರು 43 ಮಿ.ಮೀ. ಇನ್ನು ಕೆಲವು ಗಿಟಾರುಗಳಲ್ಲಿ ತಂತಿಯನ್ನು ಸ್ಕ್ರೂಗಳಿಂದ ಬಿಗಿದು ಹಿಡಿಯುವ ಫ್ಲಾಯ್ಡ್ ರೋಸ್ ಲೋಹದ ನಟ್ ಇರುತ್ತದೆ. ಅದಕ್ಕೆ ಅದೇ ಅಳತೆಯ ಇನ್ನೊಂದನ್ನೇ ತರಬೇಕು.

ಹೀಗಾಗಿ ಈ ಐದನ್ನು ಬರೆದುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು: ಉದ್ದ, ದಪ್ಪ, ಎತ್ತರ, ಮೊದಲ ತಂತಿಯಿಂದ ಆರನೆಯ ತಂತಿಗೆ ಇರುವ ಅಂತರ, ಮತ್ತು ತಳ ಚಪ್ಪಟೆಯೋ ಬಾಗಿದ್ದೋ ಎಂಬುದು. ಹಳೆಯ ನಟ್ ಒಡೆದಿದ್ದರೂ ಎಸೆಯಬಾರದು. ಅದೇ ಅತ್ಯುತ್ತಮ ಮಾದರಿ. ಹೊಸದು ತುಸು ದೊಡ್ಡದಿದ್ದರೆ ಉಜ್ಜಿ ಇಳಿಸಬಹುದು, ಚಿಕ್ಕದಾದರೆ ಬೆಳೆಸಲಾಗದು.

ಯಾವ ವಸ್ತುವಿನದು?

ಅಗ್ಗದ ಗಿಟಾರುಗಳಲ್ಲಿ ಬರುವುದು ಪ್ಲಾಸ್ಟಿಕ್. ಇದು ಮೆದುವಾಗಿದ್ದು ಬೇಗ ಸವೆಯುತ್ತದೆ. ಮೂಳೆಯ ನಟ್ ಗಟ್ಟಿ, ಬಹುಕಾಲ ಬಾಳುತ್ತದೆ, ಆದರೆ ಉಜ್ಜುವಾಗ ಏಳುವ ಪುಡಿ ಉಸಿರಿಗೆ ಹೋಗದಂತೆ ಮುಖಕ್ಕೆ ಮಾಸ್ಕ್ ಬೇಕು. ಕೆನಡಾದ ಗ್ರಾಫ್ ಟೆಕ್ ಸಂಸ್ಥೆಯ ಟಸ್ಕ್‌ನಂತಹ ಕೃತಕ ವಸ್ತುಗಳು ಎಲ್ಲೆಡೆ ಒಂದೇ ಸಮನಾಗಿದ್ದು ಕೆಲಸಕ್ಕೆ ಸುಲಭ. ಗ್ರಾಫೈಟ್ ಬೆರೆಸಿದವುಗಳಲ್ಲಿ ತಂತಿ ಚೆನ್ನಾಗಿ ಜಾರುತ್ತದೆ; ಟ್ರೆಮೊಲೊ ಸರಳು ಬಳಸುವವರಿಗೆ ಅನುಕೂಲ. ಹಿತ್ತಾಳೆ ಬಾಳಿಕೆಯದು, ಆದರೆ ಗೀರು ಕೊರೆಯುವುದು ಕಷ್ಟ. ಆನೆದಂತ, ಜಿಂಕೆ ಕೊಂಬು ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ದೂರವಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವುಗಳ ವ್ಯಾಪಾರ ಅಪರಾಧ.

ವಸ್ತುವಿನ ಬಗ್ಗೆ ಅತಿಯಾದ ಚಿಂತೆ ಬೇಡ. ಬೆರಳು ಒತ್ತಿದ ಕೂಡಲೇ ಕಂಪನದ ತುದಿ ನಟ್ ಅಲ್ಲ, ಫ್ರೆಟ್. ಆದ್ದರಿಂದ ನಟ್‌ನ ವಸ್ತುವಿನ ಪ್ರಭಾವ ಮುಖ್ಯವಾಗಿ ಒತ್ತದ ತಂತಿಗಳ ನಾದದಲ್ಲಿ ಮಾತ್ರ. ಸರಿಯಾಗಿ ಕೂರಿಸಿದ ಪ್ಲಾಸ್ಟಿಕ್ ನಟ್, ತಪ್ಪಾಗಿ ಕೊರೆದ ಮೂಳೆಯ ನಟ್‌ಗಿಂತ ಎಷ್ಟೋ ಮೇಲು.

ಕೂರಿಸುವ ಬಗೆ

ಈ ಮಾತು ಧಾರವಾಡದ ಸಂಗೀತಗಾರರಿಗೆ ಹೊಸತಲ್ಲ. ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಈ ನೆಲದಲ್ಲಿ ತಂಬೂರಿಯ ಕುದುರೆಯನ್ನು ನವಿರಾಗಿ ಉಜ್ಜಿ ಜವಾರಿ ತರುವುದೇ ಒಂದು ವಿದ್ಯೆ. ಮಹಾರಾಷ್ಟ್ರದ ಮಿರಜ್ ಅಂತಹ ವಾದ್ಯಗಳ ತವರು. ಅಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅಮರಗೋಳದ ಹುಡುಗನ ಗಿಟಾರನ್ನು ನಾವು ಕೊಂಡೊಯ್ದದ್ದು ತಂಬೂರಿ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿಗೆ. ನೋಡಿದೊಡನೆ ಅವರು, "ತಂತಿ ಕುಂಡ್ರೂ ಜಾಗಾ ಸರಿ ಇರ್ಲಿಲ್ಲಂದ್ರ ಎಷ್ಟ್ ರೊಕ್ಕದ ವಾದ್ಯ ಇದ್ರೂ ಅಷ್ಟ ರೀ ಫಾದರ್" ಎಂದರು.

ಅವರು ಮೊದಲು ನಟ್ ಸುತ್ತಲಿನ ಪಾಲಿಶ್ ಮೇಲೆ ಚೂಪಾದ ಬ್ಲೇಡಿನಿಂದ ಗೆರೆ ಎಳೆದರು. ಹಾಗೆ ಮಾಡದಿದ್ದರೆ ಪಾಲಿಶ್ ಚಕ್ಕೆಯೇಳುತ್ತದೆ. ಮರದ ತುಂಡಿಟ್ಟು ಮೆಲ್ಲನೆ ತಟ್ಟಿ ನಟ್ ಬಿಡಿಸಿದರು. ಕಾಲುವೆಯ ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆದರು. ನಾವು ಅಳತೆ ಕೊಟ್ಟು ತರಿಸಿದ್ದ ಮೂಳೆಯ ನಟ್‌ನ ತಳವನ್ನು ಉಜ್ಜಿ ಹೊಂದಿಸಿದರು. ಪ್ರತಿ ಗೀರನ್ನೂ ಆಯಾ ತಂತಿಯ ದಪ್ಪಕ್ಕೆ ತಕ್ಕ ಸಣ್ಣ ಅರದಿಂದ, ತಲೆಯ ಕಡೆಗೆ ತುಸು ಇಳಿಜಾರಾಗಿ ಕೊರೆದರು. ತಂತಿ ಗೀರಿನ ಮುಂಚೂಣಿಯಲ್ಲೇ ಒರಗಬೇಕು ಎಂಬುದು ಇದರ ಉದ್ದೇಶ. ಎರಡು ಸಲ ಉಜ್ಜಿ ಒಂದು ಸಲ ತಂತಿ ಹಾಕಿ ನೋಡುವುದು ಅವರ ಕ್ರಮ. ಕೊನೆಗೆ ಮರದ ಅಂಟು ಎರಡೇ ಹನಿ, ಏಕೆಂದರೆ ಮುಂದೊಮ್ಮೆ ಅದನ್ನೂ ಬಿಡಿಸಬೇಕಾಗಬಹುದು.

ಅಕಸ್ಮಾತ್ ಒಂದು ಗೀರು ಆಳವಾದರೆ ಅಡುಗೆ ಸೋಡಾ ತುಂಬಿ ಮೇಲೆ ಸೂಪರ್ ಗ್ಲೂ ಹನಿಸಿ, ಗಟ್ಟಿಯಾದ ಮೇಲೆ ಮತ್ತೆ ಕೊರೆಯಬಹುದು. ಇದು ತಾತ್ಕಾಲಿಕ ಉಪಾಯವೇ ಹೊರತು ಶಾಶ್ವತವಲ್ಲ.

ಸಂಜೆ ಹುಡುಗ ಎಫ್ ಹಿಡಿದ. ಆರೂ ತಂತಿ ನುಡಿದವು. ಅವನ ತಾಯಿ ಅಡುಗೆಮನೆಯಿಂದ ಹೊರಬಂದು ನಿಂತರು.

ಗಾಯನ ವೃಂದಗಳ ಹೊಣೆ ಹೊತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಹೊಸ ಗಿಟಾರಿಗಾಗಿ ಹಣ ಸಂಗ್ರಹಿಸುವ ಮುನ್ನ ಹಳೆಯದರ ನಟ್ ನೋಡಿ. ಕಲಿಯುವ ಮಗು ಕೈಚೆಲ್ಲಿದಾಗ "ನಿನಗೆ ಬಾರದು" ಎನ್ನುವ ಮುನ್ನ ವಾದ್ಯವನ್ನು ಒಮ್ಮೆ ನೀವೇ ಕೈಗೆತ್ತಿಕೊಳ್ಳಿ.