ದತ್ತಕವೂ ಪೌರತ್ವವೂ

ಮಕ್ಕಳಿಲ್ಲದವರು ಬಂಧುಗಳ ಮಗುವೊಂದನ್ನು ದತ್ತಕ ತೆಗೆದುಕೊಳ್ಳುವುದು ನಮ್ಮ ನಾಡಿನಲ್ಲಿ ಬಹು ಹಿಂದಿನಿಂದ ನಡೆದುಬಂದ ಪದ್ಧತಿ. ದತ್ತಕ ಹೋದ ಮಗುವಿನ ಮನೆತನ, ಅಡ್ಡಹೆಸರು, ಆಸ್ತಿಯ ಹಕ್ಕು ಎಲ್ಲವೂ ಬದಲಾಗುತ್ತವೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ದತ್ತಕವಾದ ದಿನದಿಂದ ಅದನ್ನು ಆ ಮನೆಯ ಮಗುವೆಂದೇ ಎಣಿಸುತ್ತದೆ. ಆದರೆ ಕುಟುಂಬವು ಕಟ್ಟಿಕೊಂಡ ಈ ಸಂಬಂಧವನ್ನು ಸರಕಾರವೂ ತನ್ನ ಲೆಕ್ಕದಲ್ಲಿ ಒಪ್ಪಬೇಕೇ ಎಂಬುದು ಬೇರೆಯೇ ಪ್ರಶ್ನೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. 1818ರಲ್ಲಿ ಪೇಶ್ವೆಯ ಆಳ್ವಿಕೆ ಅಳಿದ ಮೇಲೆ ವಿಜಯಪುರ ಪ್ರದೇಶದ ಬಹುಭಾಗವು ಸಾತಾರೆಯ ಛತ್ರಪತಿ ಪ್ರತಾಪಸಿಂಹನ ವಶಕ್ಕೆ ಬಂದಿತು. 1839ರಲ್ಲಿ ಕಂಪನಿ ಸರಕಾರವು ಅವನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿತು. ತಮ್ಮನಾದ ಶಹಾಜಿಯನ್ನು ಗಾದಿಯ ಮೇಲೆ ಕೂರಿಸಿತು. ಪ್ರತಾಪಸಿಂಹನು ದೂರದ ಕಾಶಿಯಲ್ಲಿಯೇ ಬಾಲಕನೊಬ್ಬನನ್ನು ದತ್ತಕ ಪಡೆದು 1847ರಲ್ಲಿ ತೀರಿಕೊಂಡನು. ಮರುವರ್ಷ ಶಹಾಜಿಯೂ ಮರಣಶಯ್ಯೆಯಲ್ಲಿ ಒಬ್ಬ ಬಾಲಕನನ್ನು ದತ್ತಕ ಮಾಡಿಕೊಂಡು ಕಣ್ಮುಚ್ಚಿದನು. ಈ ದತ್ತಕವನ್ನು ಮನ್ನಿಸಬೇಕೆಂದು ಮುಂಬಯಿಯ ಗವರ್ನರನಾಗಿದ್ದ ಜಾರ್ಜ್ ಕ್ಲರ್ಕನೇ ಅಭಿಪ್ರಾಯಪಟ್ಟನು. ಗವರ್ನರ್ ಜನರಲ್ ಡಾಲ್‌ಹೌಸಿ ಅದಕ್ಕೆ ಕಿವಿಗೊಡಲಿಲ್ಲ. ದತ್ತಕಪುತ್ರನಿಗೆ ಖಾಸಗಿ ಸ್ವತ್ತು ಸಲ್ಲಬಹುದು, ಸಾರ್ವಭೌಮ ಸತ್ತೆಯ ಒಪ್ಪಿಗೆಯಿಲ್ಲದೆ ರಾಜ್ಯವು ಸಲ್ಲದು ಎಂಬುದು ಅವನ ವಾದ. ಆ ವಾದದ ಹಿಂದೆ ನ್ಯಾಯಕ್ಕಿಂತ ಭೂಮಿಯ ಆಸೆಯೇ ಹೆಚ್ಚಾಗಿತ್ತೆನ್ನಬೇಕು. ಸಾತಾರೆ ಕಂಪನಿಯ ಪಾಲಾಯಿತು. ಅದರೊಡನೆ ಈ ಸೀಮೆಯೂ ಹೋಯಿತು. ಡೋಣಿಯ ದಂಡೆಯಲ್ಲಿ ಜೋಳ ಬಿತ್ತುತ್ತಿದ್ದ ರೈತನು ಯಾರ ಪ್ರಜೆಯೆಂಬುದು, ಅವನು ಕಾಣದ ಅರಮನೆಯೊಂದರ ದತ್ತಕವನ್ನು ಅವಲಂಬಿಸಿ ನಿಂತಿತ್ತು!

ಇಂದು ರಾಜ್ಯವು ಅರಸನ ಸ್ವತ್ತಲ್ಲ. ಆದರೂ ತೊಡಕು ಬೇರೊಂದು ರೂಪದಲ್ಲಿ ಉಳಿದಿದೆ. ಹೊರದೇಶದಲ್ಲಿ ನೆಲೆಸಿದ ಭಾರತೀಯ ದಂಪತಿಗಳು ಅಲ್ಲಿಯ ಮಗುವೊಂದನ್ನು ದತ್ತಕ ಪಡೆದರೆಂದು ಭಾವಿಸೋಣ. 1955ರ ಪೌರತ್ವ ಅಧಿನಿಯಮದ ಮೇರೆಗೆ, ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ವಂಶದಿಂದ ಪೌರತ್ವ ಬರಬೇಕಾದರೆ, ಅದು ಹುಟ್ಟಿದಾಗ ತಂದೆಯಾಗಲಿ ತಾಯಿಯಾಗಲಿ ಭಾರತದ ಪೌರರಾಗಿರಬೇಕು. (ತಾಯಿಯನ್ನೂ ಲೆಕ್ಕಕ್ಕೆ ಹಿಡಿದದ್ದು 1992ರ ತಿದ್ದುಪಡಿಯಿಂದ.) ದತ್ತಕ ಸಂಬಂಧವಾದರೋ ದತ್ತಕದ ದಿನ ಹುಟ್ಟುವಂಥದು, ಜನನದ ಗಳಿಗೆಯವರೆಗೆ ಅದರ ಕೈ ಚಾಚದು. ಉಳಿದ ದಾರಿ ನೋಂದಣಿಯದು. ವಿಶೇಷ ಸಂದರ್ಭವಿದೆಯೆಂದು ಮನವರಿಕೆಯಾದರೆ ಕೇಂದ್ರ ಸರಕಾರವು ಅಪ್ರಾಪ್ತ ವಯಸ್ಸಿನ ಯಾರನ್ನಾದರೂ ಪೌರರೆಂದು ನೋಂದಾಯಿಸಬಹುದು. ಅರ್ಜಿ ಹಾಕುವುದು ಪಾಲಕರ ಹೊಣೆ.

ಈ ಹೊಣೆಯನ್ನು ಮರೆತರೆ ಏನಾಗುವುದೆಂಬುದಕ್ಕೆ ಅಮೆರಿಕೆಯಲ್ಲಿ ಉದಾಹರಣೆಗಳಿವೆ. ಅಲ್ಲಿಯೂ ದತ್ತಕ ಬಂದ ಮಗುವಿಗಾಗಿ ಪಾಲಕರು ಪ್ರತ್ಯೇಕವಾಗಿ ಪೌರತ್ವವನ್ನು ಕೋರಬೇಕಾಗಿತ್ತು, ಅನೇಕರು ಕೋರಲಿಲ್ಲ. 2000ದಲ್ಲಿ ಆದ ಶಾಸನವು, ಕಾಯಂ ವಾಸಕ್ಕೆಂದು ಬಂದು ಪೌರರಾದ ದತ್ತಕ ಪಾಲಕರೊಡನೆ ಇರುವ ಮಕ್ಕಳಿಗೆ ತಾನಾಗಿಯೇ ಪೌರತ್ವ ದೊರೆಯುವಂತೆ ಮಾಡಿತು. ಆದರೆ ಅದು ಜಾರಿಗೆ ಬಂದ 2001ರ ಫೆಬ್ರವರಿ 27ರಂದು 18 ವರ್ಷ ತುಂಬಿದ್ದವರಿಗೆ ಅದು ಅನ್ವಯಿಸಲಿಲ್ಲ. ಅಂಥವರಲ್ಲಿ ಕೆಲವರು, ತಾವು ಅಲ್ಲಿಯ ಪೌರರಲ್ಲವೆಂಬುದನ್ನು ನಡುವಯಸ್ಸಿನಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ಮೊದಲು ತಿಳಿದರು. ಅಪರಾಧದ ಪ್ರಕರಣಗಳಲ್ಲಿ ಸಿಕ್ಕಿದ ಕೆಲವರನ್ನು ಅವರು ಹುಟ್ಟಿದ ಕೊರಿಯ, ಬ್ರೆಜಿಲ್ ದೇಶಗಳಿಗೆ ಗಡೀಪಾರು ಮಾಡಲಾಯಿತು. ಆ ನೆಲದ ಭಾಷೆ ಅವರಿಗೆ ಬರುತ್ತಿರಲಿಲ್ಲ.